ಗಾಜು, ಬಾಟಲಿ ಮತ್ತು ಕಸ್ತೂರಿ ಸಿಸ್ಟರ್

ಕಸ್ತೂರಿ ಸಿಸ್ಟರ್ ಅವರ ತುರುಬಿನಲ್ಲಿ ಹೂ ಇದ್ದದ್ದನ್ನು ನಾನು ನೋಡಿಲ್ಲ. ಮೋಟು ಪೆನ್ಸಿಲ್ ಮಾತ್ರ ಸದಾ ಇರುತ್ತಿತ್ತು. ಅಕ್ಕಿಆಲೂರಿನ ದವಾಖಾನೆಯಲ್ಲಿ ಹೆಂಗಸರ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಅವರ ಕೆಲಸ. ಸಣ್ಣ ಗಾಜಿನ ಪಟ್ಟಿಗೆ ಮಾದರಿ ಸವರಿ, ಆರುವ ಮೊದಲೇ ಸ್ಪಿರಿಟ್ಟಿನಲ್ಲಿ ಅದ್ದುವರು. ಪೆನ್ನಿನಲ್ಲಿ ಬರೆದ ಹೆಸರನ್ನು ಸ್ಪಿರಿಟ್ಟು ಅಳಿಸುತ್ತದೆ, ಅದಕ್ಕೇ ಪೆನ್ಸಿಲ್. "ಹೆಸರು ಹೋದ್ರ ಒಬ್ಬಾಕಿ ಬ್ಯಾನಿ ಇನ್ನೊಬ್ಬಾಕಿ ಪಾಲಿಗೆ ಬರತೈತಿ" ಎನ್ನುವರು.

ನನ್ನ ಮಗಳು ರೇಣುಕಾಳನ್ನು ಹಿರೇಕೆರೂರಿಗೆ ಕೊಟ್ಟು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಂಚಮಿಗೆ ತವರಿಗೆ ಬಂದಾಗ ಸಿಸ್ಟರ್ ನಮ್ಮ ಅಂಗಳಕ್ಕೇ ಬಂದು, ಮೂವತ್ತು ದಾಟಿದವರು ಒಮ್ಮೆ ನೋಡಿಸಿಕೊಳ್ಳಬೇಕೆಂದು ಕರೆದರು. ಪರರಿಗೆ ಮೈ ತೋರಿಸಬೇಕಲ್ಲ ಎಂದು ನಾನೇ ನೀರು ಕಾಯಿಸಿ, ಒಳಗೆಲ್ಲ ಸೋಪು ಹಚ್ಚಿ ತೊಳೆದುಕೋ ಎಂದು ಮಗಳನ್ನು ಎರಡು ಸಲ ಬಚ್ಚಲಿಗೆ ಕಳಿಸಿದೆ. ವರದಿ ಬಂತು: ಗಾಜಿನ ಮೇಲೆ ನೋಡಲಿಕ್ಕೆ ಜೀವಕಣಗಳೇ ಸಾಲವು, ಮತ್ತೆ ತೆಗೆಯಬೇಕು.

ಸಿಸ್ಟರ್ ಬೈಯಲಿಲ್ಲ. "ಅವ್ವಾರ, ನಾ ಹುಡುಕೂದನ್ನ ನೀವು ಬಚ್ಚಲಕ್ಕ ಬಿಟ್ಟೀರಿ. ಇನ್ನ ಬರೂವಾಗ ಎರಡು ದಿನ ಮೊದಲಿಂದ ಒಳಗ ತೊಳೀಬ್ಯಾಡ್ರಿ."

ಕೆಲವು ತಿಂಗಳ ಮೇಲೆ ರೇಣುಕಾ ಮತ್ತೆ ಬಂದಾಗ ಹೊಸ ಪದ್ಧತಿಯ ಬಾಟಲಿಗಳು ಬಂದಿದ್ದವು. ಒಂದೇ ಬ್ರಶ್ಶನ್ನು ಮೊದಲು ಗಾಜಿಗೆ ಸವರಿ, ಆಮೇಲೆ ಬಾಟಲಿಯ ದ್ರವದಲ್ಲಿ ಜಾಲಾಡಿಸಿದರು. ಎರಡೂ ಯಾಕೆ ಎಂದೆ.

"ಗಾಜಿಂದು ಗಿರಣಿಯಿಂದ ಹಂಗಽ ತಂದ ಅಕ್ಕಿ ಇದ್ದಂಗ್ರಿ, ತೌಡು, ನುಚ್ಚು ಕೂಡೇ ಇರತೈತಿ. ಬಾಟ್ಲಿಂದು ಕೇರಿ, ತೆಳ್ಳಗ ಹರವಿದ ಅಕ್ಕಿ. ಹರಳು ಎರಡರಾಗೂ ಸಿಗತೈತಿ. ಬಾಟ್ಲಿದ್ರ ಮತ್ತೊಮ್ಮಿ ಕರಸೂದು ಕಡಿಮಿ. ಹೊಸಾದು ರೂಢಿ ಆಗೂತನಕ ಎರಡೂ ಇರಲಿ ಅಂತ."

ಈ ಸಲ ಗಾಜು ರಕ್ತ ಕೂಡಿ ಮಸುಕಾಗಿತ್ತಂತೆ. ಬಾಟಲಿಯದರಲ್ಲಿ ಕೆಟ್ಟ ಕಣಗಳು ಕಂಡವು. ಬೀಗರು ಗರ್ಭಚೀಲವನ್ನೇ ತೆಗೆಸಿಬಿಡಿ ಎಂದರು. ಚೀಲವೇ ಹೋದರೆ ಕೂಸು ಎಲ್ಲಿಂದ? ಸಿಸ್ಟರ್ ಹಿರೇಕೆರೂರಿಗೇ ಹೋಗಿ ಬೀಗತಿಯ ಮುಂದೆ ಕುಳಿತರು.

"ಇದು ಇನ್ನೂ ಕ್ಯಾನ್ಸರ್ ಅಲ್ರಿ. ಮಾಳಿಗಿ ಒಂದ ಕಡೆ ಸೋರಿದ್ರ ಮನೀನಽ ಕೆಡವತೀರೇನು?"

ಬೀಗರು ಒಪ್ಪಿದ ಮೇಲೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೂ ತಾವೇ ಜೊತೆ ಬಂದರು. ಅಲ್ಲಿಯ ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಿ, ಗರ್ಭಕೊರಳಿನ ಕೆಟ್ಟಷ್ಟು ಭಾಗ ಮಾತ್ರ ತೆಗೆದರು. ಗರ್ಭಚೀಲ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಎರಡು ವರ್ಷಕ್ಕೆ ತುಂಬಿತು. ಮೊಮ್ಮಗಳು ಬಂದಳು, ಬೆಣ್ಣೆಯ ಮುದ್ದೆ. ಓಣಿಗೆಲ್ಲ ಸಕ್ಕರೆ ಹಂಚಿ ಸಾಲದೆ, ಗುರುತಿಲ್ಲದ ಬಸ್ ಕಂಡಕ್ಟರನ ಕೈಗೂ ಹಾಕಿದೆ.

ಅಷ್ಟರಲ್ಲಿ ಸಿಸ್ಟರ್ ನಿವೃತ್ತಿಯಾಗಿ ತಮ್ಮೂರು ಹಿರೇಬೆಂಡಿಗೇರಿಗೆ ಹೋಗಿದ್ದರು. ಮೂರು ತಿಂಗಳ ಕೂಸನ್ನು ಒಯ್ದು ಅವರ ಉಡಿಯಲ್ಲಿಟ್ಟೆವು. ಕೂಸಿನ ಕೈಬೆರಳನ್ನೆಲ್ಲ ಬಿಡಿಸಿ ನೋಡಿದರು, ರೇಣುಕಾಳ ಮುಂದಿನ ತಪಾಸಣೆ ಯಾವಾಗೆಂದು ವಿಚಾರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮದು ಆಗೈತೇನ್ರಿ?"

ಮಗಳನ್ನು ಬೆನ್ನುಬಿಡದೆ ಕಳಿಸಿದ ನಾನು ಒಮ್ಮೆಯೂ ಹೋಗಿರಲಿಲ್ಲ. ಈ ವಯಸ್ಸಿನಲ್ಲಿ ನನಗೇನು ಎಂದೆ.

"ಕೂಸಿಗೆ ಅಜ್ಜಿ ಬ್ಯಾಡೇನ್ರಿ?"

ಅವರನ್ನು ಕೊನೆಯದಾಗಿ ನೋಡಿದ್ದು ಅಂದೇ. ಮರುವಾರ ನಮ್ಮ ದವಾಖಾನೆಗೆ ಹೋದೆ. ಅವರ ಕುರ್ಚಿಯಲ್ಲಿ ಎಳೆಯ ವಯಸ್ಸಿನ ಸಿಸ್ಟರ್ ಇದ್ದಳು, ಗಾಬರಿಯಾಗಬೇಡಿ ಎಂದಳು. ಕೂಸನ್ನು ರೇಣುಕಾಳ ಕೈಗೆ ಕೊಟ್ಟು, ಸೀರೆ ಸಡಿಲಿಸುತ್ತ ಮಂಚ ಏರಿದೆ.