ಒಂದು ಹನಿಯೂ ಚೆಲ್ಲದೆ ಇಳಿಸಿದ ನೀರು

ಮೋಟಾರು ಗಾಡಿಯ ರೇಡಿಯೇಟರಿನಿಂದ ಒಂದು ಹನಿಯೂ ಚೆಲ್ಲದೆ ನೀರಿಳಿಸುವುದರಲ್ಲಿ ನನ್ನನ್ನು ಮೀರಿಸುವವರು ಹೊಸದುರ್ಗದಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ? ಆಗ ಊರಿಗೆಲ್ಲ ಇದ್ದದ್ದೇ ಒಂದು ಮೋಟಾರು, ಓಡಿಸುತ್ತಿದ್ದವನು ನಾನೊಬ್ಬನೇ. ಆದರೂ ಜಂಬ ಮಾತ್ರ ನೆತ್ತಿಗೇರಿತ್ತು.

ಮೋಟಾರು ಕೊಬ್ಬರಿ ಸಾಹುಕಾರರದು. ಅವರ ಮನೆಯ ಅಂಗಳವನ್ನು ದಿನಾ ಸಗಣಿಯಲ್ಲಿ ಸಾರಿಸುತ್ತಿದ್ದರು. "ಅಂಗಳ ಗಲೀಜು ಮಾಡಿದ್ರೆ ಮೋಟಾರೂ ಬ್ಯಾಡ, ನೀನೂ ಬ್ಯಾಡ, ನೋಡಪ್ಪ" ಎಂದು ಮೊದಲ ದಿನವೇ ಹೇಳಿದ್ದರು. ಅದಕ್ಕೇ ನಾನೊಂದು ಉಪಾಯ ಕಂಡುಕೊಂಡೆ. ಎಂಜಿನ್ ಆರುವ ತನಕ ಕಾದು, ಮೇಲಿನ ಮುಚ್ಚಳ ಸಡಿಲಿಸಿ, ಕೆಳಗಿನ ನಲ್ಲಿಗೆ ಹಳೇ ಪಂಚೆಯ ಚೂರು ಕಟ್ಟಿ, ಅದರ ತುದಿಯನ್ನು ಬೋಗುಣಿಯೊಳಗೆ ಇಳಿಬಿಡುತ್ತಿದ್ದೆ. ನಲ್ಲಿ ತಿರುಗಿಸಿದರೆ ನೀರು ಬಟ್ಟೆ ಹಿಡಿದು ಸದ್ದಿಲ್ಲದೆ ಇಳಿಯುತ್ತಿತ್ತು.

ಮೋಟಾರು ಕೊಟ್ಟಿಗೆಯ ಹಿಂದೆಯೇ ನಮ್ಮ ಬಿಡಾರ. ನೀರಿಗೆ ನನ್ನ ಹೆಂಡತಿ ಊರಾಚೆಯ ಬಾವಿಗೆ ಹೋಗಬೇಕಿತ್ತು. ಹಾಗಾಗಿ ವಾರವಾರ ನಾನು ಇಳಿಸಿದ ನೀರನ್ನು ಅವಳು ಕಲ್ಲುಬಾನಿಗೆ ಸುರಿದು ತನ್ನ ಕುರಿಗೆ ಕುಡಿಸುತ್ತಿದ್ದಳು. "ಒಂದು ಹನೀನೂ ಚೆಲ್ಬ್ಯಾಡ ಕಣೇ" ಎಂದು ಪಾಠ ಹೇಳಿದವನು ನಾನೇ.

ಅವಳು ಹರಿಯಬ್ಬೆ ಕಡೆಯ ಕುರಿಗಾರರ ಮಗಳು. ಮದುವೆಯಲ್ಲಿ ಅವಳಪ್ಪ ಒಂದು ಹೆಣ್ಣುಮರಿಯನ್ನು ಅವಳ ಕೈಗಿತ್ತು ಕಳಿಸಿದ್ದ. ಆ ವರ್ಷವೇ ತೀರಿಕೊಂಡ. ತವರಿನದೆಂದು ಅವಳಿಗೆ ಉಳಿದದ್ದು ಆ ಕುರಿಯೊಂದೇ. ಈಗ ಅದು ಗಬ್ಬವಾಗಿತ್ತು. "ಮರಿ ಹಾಕ್ಲಿ, ನಮ್ಮಪ್ಪನ ಹಟ್ಟೀನ ಇಲ್ಲೇ ಕಟ್ತೀನಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ನಮ್ಮ ಬಾವಿಗಳ ನೀರು ಸವಳು. ವಾರವಾರ ಬದಲಿಸಿದರೂ ಅದರ ಉಪ್ಪು ರೇಡಿಯೇಟರಿನೊಳಗೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂತು, ಹೊಳಲ್ಕೆರೆ ದಾರಿಯ ಏರಿನಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಒಂದು ಮಧ್ಯಾಹ್ನ ಆ ಉಪ್ಪನ್ನು ಬಿಡಿಸಲೆಂದು ಬಟ್ಟೆ ಒಗೆಯುವ ಸೋಡವನ್ನು ಕದಡಿ ಸುರಿದೆ. ಒಂದು ಹಿಡಿ ಸಾಕಾಗಿತ್ತು. ನನ್ನ ಅವಸರಕ್ಕೆ ನಾಲ್ಕು ಹಿಡಿ ಹಾಕಿದೆ. ಎಂಜಿನ್ ಓಡಿಸಿ, ಆರಿಸಿ, ಎಂದಿನಂತೆ ಬೋಗುಣಿಗೆ ಇಳಿಸಿದೆ. ಹೊಸ ನೀರಿಗೆಂದು ಕೊಡ ಹಿಡಿದು ಬಾವಿಗೆ ಹೋದೆ. ಅವಳಿಗೆ ಒಂದು ಮಾತು ಹೇಳಲಿಲ್ಲ.

ಹಿಂದಿರುಗಿದಾಗ ಬೋಗುಣಿ ಖಾಲಿ. ಬಿಸಿಲಲ್ಲಿ ಮೇದು ಬಂದ ಕುರಿ ಬಾನಿಯ ತಳ ಕಾಣುವಷ್ಟು ಕುಡಿದು ಮುಗಿಸಿತ್ತು.

"ಅಯ್ಯೋ! ಅದು ಸೋಡದ ನೀರು ಕಣೇ! ನಿಂಗೆ ಬುದ್ಧಿಗಿದ್ಧಿ ಐತೇನೇ?" ಎಂದು ಕೂಗಾಡಿದೆ. ನಾಚಿಕೆಗೆಟ್ಟವನು, ತಪ್ಪು ನನ್ನದಿದ್ದಾಗಲೇ ನನ್ನ ದನಿ ಜೋರು.

"ವಾರವಾರ ಕೊಡೋ ನೀರೇ ಅಲ್ವಾ ಅಂದ್ಕಂಡೆ" ಎಂದಳು. ಕುರಿಯ ಬಾಯಿಯನ್ನು ಸೆರಗಿನಿಂದ ಒರೆಸತೊಡಗಿದಳು.

ಮಜ್ಜಿಗೆ ಕುಡಿಸಿದೆವು, ಬೆಲ್ಲದ ನೀರು ಕುಡಿಸಿದೆವು. ಬಾಯಲ್ಲಿ ನೊರೆ ಬಂತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ತೊಡೆಯ ಮೇಲೇ ಕತ್ತು ಚೆಲ್ಲಿತು. ಹೊಟ್ಟೆಯೊಳಗಿನ ಮರಿ ಒಂದಷ್ಟು ಹೊತ್ತು ಮಿಸುಕಾಡಿ ಅದೂ ಸುಮ್ಮನಾಯಿತು. ಅವಳು ಅದರ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ಅವಳು. ಕೂತು ಸಮಾಧಾನ ಹೇಳುವ ಯೋಗ್ಯತೆ ನನಗಿರಲಿಲ್ಲ, ಹಿತ್ತಲಲ್ಲಿ ಗುಂಡಿ ತೋಡಲು ಹೋದೆ.

ಮುಂದಿನ ವಾರ ನಾನು ಪಂಚೆಯ ಚೂರು ಕಟ್ಟಲಿಲ್ಲ, ಬೋಗುಣಿಯನ್ನೂ ಇಡಲಿಲ್ಲ. ನಲ್ಲಿ ತಿರುಗಿಸಿದೆ. ತುಕ್ಕಿನ ಕೆಂಪು ನೀರು ಅಂಗಳದ ತುಂಬ ಹರಿಯಿತು.

"ಏನಪ್ಪ ಇದು? ಅಂಗಳೆಲ್ಲ ಗಲೀಜು!" ಎಂದು ಸಾಹುಕಾರರು ಜಗುಲಿಯಿಂದ ಕೂಗಿದರು. ನಾನು ನಲ್ಲಿ ಮುಚ್ಚಲಿಲ್ಲ.

ಸದ್ದು ಕೇಳಿ ಅವಳು ಹೊರಗೆ ಬಂದು ನಿಂತಳು. ಆ ನೀರನ್ನೇ ನೋಡಿದಳು.

"ಅವತ್ತೂ ಹಿಂಗೇ ಚೆಲ್ಲಬಾರ್ದಿತ್ತೇನ್ರಿ?" ಎಂದು ಕೇಳಿ, ಪೊರಕೆ ತಂದು ಅಂಗಳ ಗುಡಿಸತೊಡಗಿದಳು.