ಮಖಮಲ್ಲಿನ ಗವಸು ತೊಟ್ಟ ಲ್ಯಾಪ್‌ಟಾಪ್

2008ರ ಬೇಸಿಗೆ. ಆಗ ನಾನು ತುಮಕೂರಿನ ಒಂದು ಖಾಸಗಿ ಲ್ಯಾಪ್‌ಟಾಪ್ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಎಂಜಿನಿಯರ್. ರಿಪೇರಿಗೆ ಹೆಂಗಸು ಬಂದಳೆಂದು ಮೂಗು ಮುರಿಯುವ ಗಿರಾಕಿಗಳಿದ್ದರು, ನನಗೂ ಮೂಗಿನ ತುದಿಯಲ್ಲೇ ಕೋಪ. ಗುಬ್ಬಿಯ ಆ ಕೇಸಿನ ದಿನ ಮಾತ್ರ ಕೋಪಕ್ಕೂ ಪುರುಸೊತ್ತಿರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದವರು ಶಾಹೀನಾ, ಗುಬ್ಬಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಗಂಡ ಇಮ್ತಿಯಾಜ್ ಕುವೈತಿನಲ್ಲಿ ಎಲೆಕ್ಟ್ರಿಷಿಯನ್. ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಅಂದು ಮಧ್ಯಾಹ್ನ ಆಪರೇಷನ್. ಅದಕ್ಕೆ ಮುಂಚೆ ಗೆಳೆಯನೊಬ್ಬ ಆಸ್ಪತ್ರೆಯಿಂದಲೇ ವಿಡಿಯೋ ಕಾಲ್ ಮಾಡಿಸುವುದೆಂದು ಮಾತಾಗಿತ್ತು. ಆದರೆ ಹಿಂದಿನ ದಿನ ಪರೀಕ್ಷೆಗೆಂದು ಮಾಡಿ ನೋಡಿದರೆ, ಮುಖ ಕಂಡು ಮಾತು ಶುರುವಾಗುವಷ್ಟರಲ್ಲಿ ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗಿತ್ತು. ಮತ್ತೆ ಮಾಡಿದಾಗಲೂ ಅದೇ ಕಥೆ.

ಪ್ರೊಸೆಸರ್ ಕಾದಿರಬೇಕು ಎಂಬ ಅನುಮಾನದಿಂದ ಫ್ಯಾನ್ ಓಡುತ್ತಿದೆಯಾ ನೋಡಿ ಎಂದೆ.

"ಓಡ್ತಿದೆ ಅಕ್ಕ, ಜೋರಾಗೇ ಓಡ್ತಿದೆ."

ಹಾಗಾದರೆ ಅಡಾಪ್ಟರಿನದೋ ಬ್ಯಾಟರಿಯದೋ ತಕರಾರು ಎಂದುಕೊಂಡು ಬದಲಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಗುಬ್ಬಿ ಬಸ್ ಹತ್ತಿದೆ.

ಮನೆಯಲ್ಲಿ ಲ್ಯಾಪ್‌ಟಾಪನ್ನು ಮದುವೆ ಹೆಣ್ಣಿನ ಹಾಗೆ ಇಟ್ಟಿದ್ದರು. ಹಸಿರು ಮಖಮಲ್ಲಿನ ಗವಸು, ಅಂಚಿಗೆ ಜರಿ. ಆ ಮನೆಯಲ್ಲಿ ಟಿವಿ, ಮಿಕ್ಸಿ, ಫೋನು ಎಲ್ಲಕ್ಕೂ ಗವಸು. ಲ್ಯಾಪ್‌ಟಾಪ್ ಗಂಡ ಕಳಿಸಿದ್ದು, ಹಾಗಾಗಿ ಅದಕ್ಕೆ ತಳ, ಪಕ್ಕ ಎಲ್ಲ ಸೇರಿಸಿ ಅಳತೆ ತೆಗೆದು ಬಿಗಿಯಾಗಿ ಹೊಲಿದಿದ್ದರು. ಕೀಲಿಮಣೆ, ಪರದೆ ಮತ್ತು ವೈರಿಗಷ್ಟೇ ಜಾಗ. ಆನ್ ಮಾಡಿದೆ, ಸ್ವಲ್ಪ ಹೊತ್ತಿಗೇ ಆಫ್ ಆಯಿತು. ತಳ ಮುಟ್ಟಿ ನೋಡಿದರೆ ಕಾದ ಹೆಂಚು.

"ಫ್ಯಾನ್ ಓಡ್ತಿದೆ ಅಂದ್ರಲ್ಲ?"

ಶಾಹೀನಾ ತಲೆಯೆತ್ತಿ ಸೂರು ನೋಡಿದರು. ಅಲ್ಲಿ ಫ್ಯಾನು ನಿಜಕ್ಕೂ ಜೋರಾಗಿಯೇ ತಿರುಗುತ್ತಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಲ್ಯಾಪ್‌ಟಾಪಿನ ಒಳಗೂ ಅಂಗೈಯಗಲದ ಒಂದು ಫ್ಯಾನ್ ಇರುತ್ತದೆ. ಪ್ರೊಸೆಸರಿನ ಶಾಖವನ್ನು ತಾಮ್ರದ ಕೊಳವೆ ಪಕ್ಕದ ಕಿಂಡಿಯವರೆಗೆ ತರುತ್ತದೆ, ಫ್ಯಾನ್ ಅದನ್ನು ಹೊರಗೆ ಊದುತ್ತದೆ. ವಿಡಿಯೋ ಕಾಲ್ ಎಂದರೆ ಪ್ರೊಸೆಸರಿಗೆ ಮೈಮುರಿಯುವಷ್ಟು ಕೆಲಸ. ಕಿಂಡಿ ಮುಚ್ಚಿದ್ದರೆ ಶಾಖ ಏರುತ್ತಾ ಹೋಗಿ, ಸುಟ್ಟುಹೋಗದಿರಲೆಂದು ಯಂತ್ರ ತಾನೇ ಆಫ್ ಆಗುತ್ತದೆ.

ಗವಸು ಕಳಚಿ ಮತ್ತೆ ಆನ್ ಮಾಡಿದೆ. ಸ್ವಲ್ಪ ಹೊತ್ತು ತಡೆಯಿತು, ಮತ್ತೆ ಆಫ್. ಬಟ್ಟೆಯ ಜುಂಗು ಒಳಗೇ ಸೇರಿಕೊಂಡಿದೆ ಎಂದು ಖಾತ್ರಿಯಾಯಿತು. ಇನ್ನು ಪೂರ್ತಿ ಬಿಚ್ಚಬೇಕು. ಬಿಚ್ಚುವಾಗ ಒಂದು ಎಳೆ ಕೇಬಲ್ ಹರಿದರೂ ಅವತ್ತಿಗೆ ಕಾಲ್ ಇಲ್ಲ. ಪಕ್ಕದಲ್ಲಿ ಕೂತಿದ್ದ ಶಾಹೀನಾರ ಅತ್ತೆ ಬೇಡವೇ ಬೇಡ ಎಂದರು, ಮಗನ ಮುಖ ಅರೆಗಳಿಗೆ ಕಂಡರೂ ಸಾಕಂತೆ. ಶಾಹೀನಾ ಅತ್ತೆಯನ್ನೂ ನೋಡಿದರು, ಗಡಿಯಾರವನ್ನೂ ನೋಡಿದರು.

"ಬಿಚ್ಚಿ ಅಕ್ಕ. ಅರ್ಧ ಮಾತಲ್ಲಿ ಅವ್ರನ್ನ ಕಳಿಸಕ್ಕಾಗಲ್ಲ ನನಗೆ."

ಹೊಲಿಗೆ ಮೇಜಿನ ಮೇಲೇ ಬಿಚ್ಚಿದೆ. ಕಿಂಡಿಗೆ ಅಡ್ಡವಾಗಿ ಹಸಿರು ಜುಂಗು ಹತ್ತಿ ತುರುಕಿದ ಹಾಗೆ ಕೂತಿತ್ತು. ಅದನ್ನು ಚಿಮಟದಿಂದ ಎಳೆದು ತೆಗೆದೆ. ಪ್ರೊಸೆಸರಿನ ಶಾಖ ತಾಮ್ರಕ್ಕೆ ದಾಟಲೆಂದು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಒರೆಸಿ ಹೊಸದು ಹಚ್ಚಿದೆ. ಕೊನೆಯ ಸ್ಕ್ರೂ ಕೂರಿಸುವಾಗಲೇ ಕುವೈತಿನ ಗೆಳೆಯ ಮೊಬೈಲಿಗೆ ಫೋನ್ ಮಾಡಿದ, ಸ್ಟ್ರೆಚರ್ ಬರುವ ಹೊತ್ತಾಯಿತಂತೆ. ಗಾಳಿಯಾಡಲೆಂದು ಲ್ಯಾಪ್‌ಟಾಪಿನ ನಾಲ್ಕು ಮೂಲೆಗೂ ನೂಲಿನ ಉಂಡೆ ಇಟ್ಟು ಆನ್ ಮಾಡಿದೆ.

ಮುಖ ಬಂತು. ಮೂವರೂ ಉರ್ದುವಿನಲ್ಲಿ ಮಾತಾಡಿಕೊಂಡರು, ನನಗೆ ತಿಳಿದದ್ದು ಅರ್ಧಂಬರ್ಧ. ನಾನು ಕಿಂಡಿಯ ಪಕ್ಕ ಅಂಗೈ ಹಿಡಿದು ಬಿಸಿಗಾಳಿ ಬರುತ್ತಿದೆಯಾ ಎಂದು ನೋಡುತ್ತಲೇ ಇದ್ದೆ, ಬರುತ್ತಿತ್ತು. ಅತ್ತೆ ಪರದೆಯ ಮೇಲೆ ಮಗನ ಹಣೆ ಸವರಿದರು. ಕೊನೆಗೆ ಇಮ್ತಿಯಾಜ್ ನನ್ನನ್ನು ಕಂಡು ಕನ್ನಡದಲ್ಲಿ ಹೇಳಿದರು:

"ಅಕ್ಕ, ಇವ್ಳು ನಿನ್ನೆಯಿಂದ ಏನೂ ತಿಂದಿಲ್ವಂತೆ, ಅಮ್ಮ ಹೇಳಿದ್ರು. ನೀವು ಮುಂದೆ ಕೂತು ಊಟ ಮಾಡ್ಸಿ. ನನ್ ಮಾತು ಕೇಳಲ್ಲ."

ಆಮೇಲೆ ಚಿತ್ರ ಹೋಯಿತು. ಶಾಹೀನಾ ಬೆಚ್ಚಿ ನನ್ನ ತೋಳು ಹಿಡಿದರು. ಮತ್ತೆ ಆಫ್ ಆಯಿತಾ ಎಂದು ಕೇಳಿದರು. ಲ್ಯಾಪ್‌ಟಾಪ್ ಆನ್ ಇದೆ, ಅವರನ್ನು ಒಳಗೆ ಕರೆದುಕೊಂಡು ಹೋದರು ಎಂದೆ. ಯಂತ್ರ ಸರಿಯಾಗಿತ್ತು, ನನ್ನ ಕೈಲಿ ಮಾಡುವುದೇನೂ ಉಳಿದಿರಲಿಲ್ಲ. ಆ ಹೊತ್ತಿನಷ್ಟು ಭಯ ನನಗೆ ಬಿಚ್ಚುವಾಗಲೂ ಆಗಿರಲಿಲ್ಲ.

ತಟ್ಟೆ ಹಾಕಿಸಿದೆ. ಶಾಹೀನಾ ಎರಡು ತುತ್ತು ಉಂಡರು, ಆಮೇಲೆ ಇನ್ನೆರಡು. ಸಂಜೆ ಗೆಳೆಯನ ಫೋನ್ ಬಂತು, ಆಪರೇಷನ್ ಮುಗಿದಿದೆ, ಕಾಲ್ಬೆರಳು ಅಲ್ಲಾಡಿಸುತ್ತಿದ್ದಾರೆ ಎಂದು. ಅತ್ತೆ ಸೊಸೆ ಇಬ್ಬರೂ ಅತ್ತರು. ನನಗೂ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ.

ಯಂತ್ರ ಆನ್ ಆದರೆ ಕೇಸ್ ಮುಗಿಯಿತು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಯಾವ ಕೆಲಸಕ್ಕಾಗಿ ಅದನ್ನು ಆನ್ ಮಾಡಿದೆವೋ ಆ ಕೆಲಸ ಮುಗಿಯುವವರೆಗೆ ಎದ್ದು ಬರಬಾರದು ಎಂಬುದನ್ನು ನಾನು ಗುಬ್ಬಿಯಲ್ಲಿ ಕಲಿತೆ.