ಹೊಲಿದವಳೇ ಮೊದಲು ಕೂರಬೇಕು

ಗಾಡಿಗಳ ಸೀಟು, ಹೊದಿಕೆ ಹೊಲಿಯುವ ಆ ಕುಷನ್ ಅಂಗಡಿಗೆ ಬಂದವರು ಮೊದಲು ಕೇಳುವುದು ಒಂದೇ ಮಾತು: "ಯಜಮಾನ್ರು ಇಲ್ವಾ?" ಮೂವತ್ತೊಂದು ವರ್ಷದಿಂದ ಅಂಗಡಿ ನಡೆಸುತ್ತಿರುವವಳು ಎದುರಿಗೇ ಇರುತ್ತಾಳೆ, ಲಾರಿ ಸೀಟಿನ ಮೇಲೆ ಮಂಡಿಯೂರಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು. ಆದರೂ ಕೇಳುತ್ತಾರೆ! "ಇದಾರಲ್ಲ, ನಿಮ್ಮ ಜೊತೇನೇ ಮಾತಾಡ್ತಿದಾರೆ," ಎನ್ನುತ್ತಾಳೆ ಅವಳು. ಗೇಣುದ್ದದ ದಬ್ಬಳವನ್ನು ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡೇ ಓಡಾಡುವುದರಿಂದ ದಬ್ಬಳದಕ್ಕ ಎಂದು ಹೆಸರು ಬಿತ್ತು. ಬಾಯಿ ನೋಡಿ ಇಟ್ಟ ಹೆಸರು ಎನ್ನುವವರೂ ಇದ್ದಾರೆ.

ಕೆಲಸ ಕಲಿಸಿದ್ದು ಅಪ್ಪ. ಮೇಣ ಸವರದ ದಾರ ಮುಟ್ಟಬೇಡ ಎಂದಿದ್ದ. ಇನ್ನೊಂದು ಮಾತನ್ನು ಸಾಯುವವರೆಗೂ ಹೇಳುತ್ತಿದ್ದ: ಗಾಡಿಯ ಮೇಲೆ ಹೊದಿಸುವ ಕ್ಯಾನ್ವಾಸ್ ಹುಡ್ ಹೊಲಿದರೆ, ಗಾಡಿಯವರ ಕೈಗೆ ಕೊಡುವ ಮೊದಲು ಅದರ ಕೆಳಗೆ ನೀನೇ ಕೂತು ಹೆದ್ದಾರಿ ಸುತ್ತಿ ಬಾ. ಹಾರುವುದಾದರೆ ಹೊಲಿದವರ ತಲೆಯ ಮೇಲೆಯೇ ಹಾರಲಿ. ಹಾಗೆ ಸುತ್ತಿ ಬಂದೇ ದಬ್ಬಳದಕ್ಕ ನೂರಾರು ಹುಡ್ ಕೊಟ್ಟಿದ್ದಾಳೆ. ಒಂದೂ ಹಾರಿರಲಿಲ್ಲ.

ಒಂದು ಸೋಮವಾರ ಬೆಳಗ್ಗೆ ಡ್ರೈವರಣ್ಣನ ಬಾಮೈದ ಬಂದವನೇ ಕ್ಯಾನ್ವಾಸಿನ ಮುದ್ದೆಯೊಂದನ್ನು ಅವಳ ಮೇಜಿನ ಮೇಲೆ ಎಸೆದ.

"ನೋಡಿ ನಿಮ್ಮ ಹೊಲಿಗೆ! ನಮ್ಮಕ್ಕನ ಕೆನ್ನೆ ಒಡೆದು ರಕ್ತ ಬಂದಿದೆ."

ಡ್ರೈವರಣ್ಣ ಎಂದರೆ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿಯ ಮಂಡಿಗಳು ಕೆಟ್ಟು ನಾಲ್ಕು ವರ್ಷ. ಮಡಚಿಕೊಂಡು ಕಾರಿನ ಬಾಗಿಲೊಳಗೆ ನುಗ್ಗಲು ಅವಳಿಂದ ಆಗುತ್ತಿರಲಿಲ್ಲ. ಹೊಸ್ತಿಲು ದಾಟುವುದೇ ನಿಂತುಹೋಗಿತ್ತು. ಅದಕ್ಕೇ ಅವನು ಕಿಟ್ ಕಾರು ತರಿಸಿದ. ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬರುತ್ತದಲ್ಲ, ಮನೆಯಲ್ಲೇ ಜೋಡಿಸಿಕೊಳ್ಳುವುದು, ಅದು. ಬಾಗಿಲೇ ಇಲ್ಲದ, ತಗ್ಗು ಗೋಡೆಯ, ಎರಡು ಸೀಟಿನ ಗಾಡಿ. ಹುಡ್ ಪೂರ್ತಿ ಕಳಚಿಟ್ಟರೆ, ಪಕ್ಕದಲ್ಲಿ ಸ್ಟೂಲು ಹಾಕಿ, ಅವಳನ್ನು ಸೀಟಿಗೆ ಜಾರಿಸಿ ಕೂರಿಸಬಹುದು. ಕೂತ ಮೇಲೆ ಹುಡ್ ಹಾಕಿ ಹೊರಡುವುದು. ಎರಡು ವರ್ಷ ಶೆಡ್ಡಿನಲ್ಲಿ ಗ್ರೀಸು ಬಳಿದುಕೊಂಡು ಅದನ್ನು ಕಟ್ಟಿದ್ದ; ಹುಡ್ ಮಾತ್ರ ದಬ್ಬಳದಕ್ಕ ಹೊಲಿದುಕೊಟ್ಟಿದ್ದಳು. ಹೊರಟ ಮೊದಲ ದಿನವೇ ಹೆದ್ದಾರಿಯ ಗಾಳಿಗೆ ಹುಡ್ ಎದ್ದು, ಅಂಚಿನ ಗುಂಡಿ ಅವಳ ಕೆನ್ನೆಗೆ ಬಡಿಯಿತು. ಮನೆಗೆ ಬಂದವಳು "ಇನ್ನು ಆ ಗಾಡಿ ಹತ್ತಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ದಬ್ಬಳದಕ್ಕ ಕ್ಯಾನ್ವಾಸ್ ಬಿಡಿಸಿ, ಹೊಲಿಗೆಯ ಮೇಲೆ ಅಂಗುಲ ಅಂಗುಲ ಬೆರಳು ಓಡಿಸಿದಳು.

"ಒಂದೇ ಒಂದು ಎಳೆ ಬಿಚ್ಚಿದ್ರೆ ತೋರ್ಸಿ, ಈಗಲೇ ಅಂಗಡಿ ಬಾಗಿಲು ಹಾಕ್ತೀನಿ! ಬಿಚ್ಚಿರೋದು ಗುಂಡಿ. ಮಕ್ಕಳ ಅಂಗಿಗೆ ಹಾಕೋ ಟಿಚ್ ಬಟನ್ನು ಇದು. ಡಬ್ಬದ ಜೊತೆ ಕಳಿಸಿದ್ದು ನಿಮ್ಮ ಕಂಪನಿ."

"ಅಷ್ಟು ದೊಡ್ಡ ಕಂಪನಿಯವರಿಗೆ ಗೊತ್ತಿರಲ್ವಾ? ಪುಸ್ತಕದಲ್ಲಿ ಅದೇ ಹಾಕಿ ಅಂತ ಬರ್ದಿದೆ."

"ಹಾಗಾದ್ರೆ ಪುಸ್ತಕಾನೇ ಹೊದ್ಕೊಂಡು ಹೋಗ್ಬೇಕಿತ್ತು!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮಧ್ಯಾಹ್ನದ ಹೊತ್ತಿಗೆ ಟೀ ಅಂಗಡಿಯಲ್ಲಿ ಮಾತು ಕುದಿಯುತ್ತಿತ್ತು: ದಬ್ಬಳದಕ್ಕನ ಹೊಲಿಗೆ ಗಾಳಿಗೆ ಬಿಚ್ಚಿಹೋಯಿತಂತೆ. ಸಂಜೆ ಜೀಪಿನವನೊಬ್ಬ ಬಂದು, ಹೊಲಿಯಲು ಕೊಟ್ಟಿದ್ದ ಹುಡ್ಡನ್ನು "ಈಗ ಅರ್ಜೆಂಟಿಲ್ಲ ಬಿಡಿ" ಎಂದು ಮುಖ ನೋಡದೆ ಎತ್ತಿಕೊಂಡು ಹೋದ. ಊರ ಬಾಯಿಗೆ ಟಿಚ್ ಬಟನ್ ಹಾಕಲಾಗುತ್ತದೆಯೇ? ಹಾಕಿದರೂ ಅದು ನಿಲ್ಲಬೇಕಲ್ಲ!

ಅವಳು ಕಂಪನಿಗೆ ಫೋನ್ ಮಾಡಿದಳು. "ಇದುವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ," ಎಂದಿತು ಜೇನಿನಂಥ ದನಿ. "ಮಾಡೋಕೆ ಅವರ ದವಡೆ ನೆಟ್ಟಗಿರ್ಬೇಕಲ್ಲಪ್ಪಾ!" ಎಂದು ಫೋನ್ ಕುಕ್ಕಿದಳು.

ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಮರುದಿನ ಅಂಗಡಿಯ ಬಾಗಿಲಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಅಡ್ಡತೊಲೆಗೆ ಹಲಗೆ ಕಟ್ಟಿದಳು. ಹಲಗೆಗೆ ಗುಂಡಿ, ಗುಂಡಿಗೆ ಕ್ಯಾನ್ವಾಸಿನ ಪಟ್ಟಿ, ಪಟ್ಟಿಗೆ ಬಕೆಟ್ಟು. ಚೊಂಬಿನಲ್ಲಿ ನೀರು ಹಾಕುತ್ತ ಹೋದಳು. ಕಂಪನಿಯ ಟಿಚ್ ಬಟನ್ನು ಮೂರನೆಯ ಚೊಂಬಿಗೇ ಟಪ್ಪೆಂದು ಬಿಚ್ಚಿ, ನೀರೆಲ್ಲ ನೆಲದ ಪಾಲಾಯಿತು. ಆಮೇಲೆ ತಿರುಗುಗುಂಡಿ ಹಾಕಿದಳು; ತೂತಿನಲ್ಲಿ ತೂರಿಸಿ ಅದರ ನಾಲಿಗೆಯನ್ನು ಅಡ್ಡ ತಿರುಗಿಸುವಂಥದ್ದು. ಬಕೆಟ್ಟು ತುಂಬಿ ತುಳುಕಿದರೂ ಅದು ಅಲ್ಲಾಡಲಿಲ್ಲ. ಟೀ ಅಂಗಡಿಯವರು ಲೋಟ ಹಿಡಿದುಕೊಂಡು ನೋಡುತ್ತಿದ್ದರು. "ನೋಡ್ಕೊಳ್ಳಿ, ಕಣ್ತುಂಬ ನೋಡ್ಕೊಳ್ಳಿ!" ಎಂದಳು.

ಗೆದ್ದ ಮುಖ ಹೊತ್ತುಕೊಂಡು, ತಿರುಗುಗುಂಡಿಯ ಪಟ್ಟಿ ಹಿಡಿದು ಡ್ರೈವರಣ್ಣನ ಮನೆಗೆ ಹೋದಳು. ಅವನ ಹೆಂಡತಿ ಕಿಟಕಿಯ ಬಳಿ, ಕೆನ್ನೆಗೆ ಪಟ್ಟಿ ಹಾಕಿಕೊಂಡು ಕೂತಿದ್ದಳು.

"ಅತ್ತಿಗೆ, ಇದು ಬಿರುಗಾಳಿಗೂ ಬಿಚ್ಚಲ್ಲ."

ಅತ್ತಿಗೆ ಕ್ಯಾನ್ವಾಸಿನ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯ ನಾಲಿಗೆ ತಿರುಗಿಸಲು ನೋಡಿದಳು. ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು.

"ಗಾಳಿಗೆ ಬಿಚ್ಚಲ್ಲ, ಸರಿ. ಇವರು ಅಂಗಡಿಗೆ ಅಂತ ಇಳಿದುಹೋದಾಗ ಒಳಗೆ ನನಗೆ ಉಸಿರು ಕಟ್ಟಿದ್ರೆ? ಯಾರನ್ನ ಕೂಗ್ಲಿ?"

ದಬ್ಬಳದಕ್ಕ ಪಟ್ಟಿ ಸುತ್ತಿಕೊಂಡಳು. ಬಕೆಟ್ಟಿಗೆ ಉಸಿರು ಕಟ್ಟುವುದಿಲ್ಲವಲ್ಲ! ಇದನ್ನು ಯೋಚಿಸದ ತನ್ನ ತಲೆಗೇ ಬೈದುಕೊಂಡು ವಾಪಸಾದಳು. ಬೆಲ್ಟು, ಬಕಲ್ಲು ನೋಡಿದಳು; ಆ ಬೆರಳಿಗೆ ಅವು ಇನ್ನೂ ಕಷ್ಟ. ಕೊನೆಗೆ ದೋಣಿಗಳಿಗೆ ಹೊದಿಕೆ ಹೊಲಿಯುವ ಮುದುಕನ ಗೂಡಿನಲ್ಲಿ, ಡಬ್ಬದ ತಳದಲ್ಲಿ ಒಂದು ಬಗೆಯ ಗುಂಡಿ ಸಿಕ್ಕಿತು. ಕೆಳಗೆ ಕುತ್ತಿಗೆಯಿರುವ ಪುಟ್ಟ ಗೂಟ, ಮೇಲೆ ಹಿತ್ತಾಳೆಯ ಟೋಪಿ. ಟೋಪಿ ಮೂರು ಕಡೆ ಕಚ್ಚಿ ಹಿಡಿಯುತ್ತದೆ. ಗುರುತಿರುವ ನಾಲ್ಕನೆಯ ಕಡೆಯಿಂದ ಎತ್ತಿದರೆ ಮಾತ್ರ ಸಲೀಸಾಗಿ ಬರುತ್ತದೆ. "ಗಾಳಿಗೆ ಗುರುತು ಗೊತ್ತಿಲ್ಲ ನೋಡು," ಎಂದ ಮುದುಕ. ಆ ಗುರುತಿನ ಕಡೆಗೆ ಅವಳು ತೊಗಲಿನ ಕಿವಿಯೊಂದನ್ನು ಹೊಲಿದಳು, ಒಳಗಿನಿಂದ ಸಿಗುವ ಹಾಗೆ. ತುಂಬಿದ ಬಕೆಟ್ಟು ಕಟ್ಟಿದರೂ ಅದು ನಿಂತಿತು. ಪಟ್ಟಿಯನ್ನು ಮತ್ತೆ ಅತ್ತಿಗೆಯ ಮನೆಗೆ ಒಯ್ದಳು. ಅತ್ತಿಗೆ ಬೆರಳು ಬಳಸದೆ, ಅಂಗೈ ಬದಿಯಿಂದಲೇ ಕಿವಿಯನ್ನು ಎತ್ತಿದಳು. ಗುಂಡಿ ಕಳಚಿಕೊಂಡಿತು. ಮತ್ತೆ ಒತ್ತಿದಳು, ಮತ್ತೆ ಎತ್ತಿದಳು. ನಗು ಬರುವುದರಲ್ಲಿತ್ತು, ಅಷ್ಟರಲ್ಲಿ ತಲೆ ಎತ್ತಿದಳು.

"ಅಲ್ಲಮ್ಮಾ, ಆ ಹಾಳು ಗುಂಡಿ ಹಾಕಿದ್ದು ಯಾರು?"

"ಕಂಪನಿಯವರು ಕಳಿಸಿದ್ದು, ಅತ್ತಿಗೆ."

"ಕಳಿಸಿದ್ದು ಅವರು. ಹಾಕಿದ್ದು?"

"...ನಾನೇ."

"ನಿನಗೆ ಗೊತ್ತಾಗ್ಲಿಲ್ವಾ?"

ಗೊತ್ತಾಗಿತ್ತು. ಮೊದಲ ಗುಂಡಿ ಒತ್ತಿದಾಗಲೇ ಹೆಬ್ಬೆರಳು ಹೇಳಿತ್ತು, ಇದು ನಿಲ್ಲುವುದಲ್ಲ ಎಂದು. ಹೆದ್ದಾರಿ ಸುತ್ತಿದರೆ ತಿಳಿಯುತ್ತದಲ್ಲ, ಆಗ ಬದಲಾಯಿಸೋಣ ಎಂದುಕೊಂಡಿದ್ದಳು. ಆದರೆ ಡ್ರೈವರಣ್ಣ ಕೈ ಹಿಡಿದು ಕೇಳಿದ: "ಆ ಸೀಟಲ್ಲಿ ಮೊದಲು ಅವಳೇ ಕೂರ್ಲಿ, ಎರಡು ವರ್ಷದಿಂದ ಅದೊಂದೇ ಆಸೆ." ಗಂಡಸಿನ ಕಣ್ಣಲ್ಲಿ ನೀರು ಕಂಡು ಅವಳು ಅಪ್ಪನ ಮಾತನ್ನು ಮುರಿದಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದೇ ಸಲ. ಎಲ್ಲವನ್ನೂ ಅತ್ತಿಗೆಗೆ ಹೇಳಿದಳು.

ಅತ್ತಿಗೆ ಕೆನ್ನೆ ಮುಟ್ಟಿಕೊಂಡಳು. "ಹಾಗಾದ್ರೆ ನಾನು ಕೂತಿದ್ದು ನಿನ್ನ ಜಾಗದಲ್ಲಿ. ಈ ಏಟು ನಿನಗೆ ಬೀಳ್ಬೇಕಿತ್ತು."

ಇಷ್ಟು ದಿನ ಬಾಮೈದನಿಗೆ, ಕಂಪನಿಗೆ, ಊರಿಗೆಲ್ಲ ಬೈದವಳು ಪಟ್ಟಿ ಎತ್ತಿಕೊಂಡು ನೇರ ಅಂಗಡಿಗೆ ನಡೆದಳು.

ಎರಡು ದಿನ ಕೂತು ಹದಿನಾಲ್ಕು ಗುಂಡಿಗಳನ್ನೂ ಬದಲಾಯಿಸಿದಳು. ಮೂರನೆಯ ದಿನ ಆ ಸೀಟಿನಲ್ಲಿ ತಾನೇ ಕೂತು, "ಓಡ್ಸಿ ಡ್ರೈವರಣ್ಣ, ಬಸ್ಸು ಲೇಟಾಗಿದೆ ಅನ್ಕೊಂಡು ಓಡ್ಸಿ," ಎಂದಳು. ಹೆದ್ದಾರಿಯ ತುದಿಯವರೆಗೆ ಹೋಗಿ ಬಂದರು. ಹುಡ್ ಗುಡುಗಿತೇ ಹೊರತು ಒಂದು ಗುಂಡಿಯೂ ಅಲುಗಲಿಲ್ಲ. ಮನೆಯ ಮುಂದೆ ಗಾಡಿ ನಿಂತಾಗ ಅತ್ತಿಗೆ ಗಂಡನಿಗೆ ಸ್ಟೂಲು ತರಲು ಕೈ ಮಾಡಿದಳು, ಅಷ್ಟೇ.

ದಬ್ಬಳದಕ್ಕ ನಡೆದು ಅಂಗಡಿಗೆ ಬರುವಾಗ ಟೀ ಅಂಗಡಿಯಿಂದ ಬಾಮೈದ ಎದ್ದು ಬಂದ. ಹಿಂದೆ ಆ ಜೀಪಿನವನೂ ನಿಂತಿದ್ದ. "ಬೇಜಾರು ಮಾಡ್ಕೋಬೇಡಿ ಅಕ್ಕಾ. ಬಕೆಟ್ಟಿನ ವಿಷಯ ಎಲ್ರಿಗೂ ಗೊತ್ತಾಯ್ತು. ನಿಮ್ಮ ತಪ್ಪೇನೂ ಇಲ್ಲ, ಎಲ್ಲ ಆ ಕಂಪನಿದೇ."

ವಾರದಿಂದ ಅವಳು ಕಾದದ್ದು ಈ ಮಾತಿಗೇ. ಆದರೆ ಕೇಳಿದೊಡನೆ ಮೈಯೆಲ್ಲ ಉರಿದುಹೋಯಿತು.

"ಯಾರು ಹೇಳಿದ್ದು ತಪ್ಪಿಲ್ಲ ಅಂತ?" ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. "ಹೊಲಿಗೆ ನಂದು, ಗಟ್ಟಿ. ಗುಂಡಿ ಕಂಪನಿದು, ಕಚಡಾ. ಕಚಡಾ ಅಂತ ಗೊತ್ತಿದ್ದೂ ನಿಮ್ಮಕ್ಕನ್ನ ಮೊದಲು ಕೂರಿಸಿದ್ದು ನಾನು. ಅದನ್ನೂ ಸೇರಿಸಿ ಹೇಳ್ರೋ ಎಲ್ರಿಗೂ!"